ಕೋಡೊಲೆಯ ಮೇಲಿನ ಸಾರು

ಯುಗಾದಿಯ ದಿನ ನಮ್ಮಜ್ಜಿ ಸಾರು ಮೊದಲೇ ಮಾಡಿ ಮುಗಿಸುತ್ತಿದ್ದಳು, ಒಬ್ಬಟ್ಟು ಕೊನೆಗೆ. ಎಲೆಗೆ ಬರುವಾಗ ಎರಡೂ ಬಿಸಿ. ಮದ್ದೂರಿನ ಹತ್ತಿರದ ಆ ಮನೆಯಲ್ಲಿ ‘ಸಾರು ಬಿಸಿಗಿಡು’ ಅಂತ ಯಾರೂ ಹೇಳಿದ್ದು ನನಗೆ ನೆನಪಿಲ್ಲ. ಆ ಕೆಲಸ ಕೋಡೊಲೆಯದು.

ಮಣ್ಣಿನ ಒಲೆಯ ಪಕ್ಕಕ್ಕೆ ಅಂಟಿಕೊಂಡ ಇನ್ನೊಂದು ಒಲೆಬಾಯಿ ಅದು. ಅದಕ್ಕೆ ಬೇರೆ ಸೌದೆ ಇಲ್ಲ. ಕೆರೆ ತುಂಬಿದ ಮೇಲೆ ಕೋಡಿ ಹರಿಯುವ ಹಾಗೆ, ದೊಡ್ಡ ಒಲೆಯ ಉರಿ ಒಳಗಿನ ತೂತಿನಿಂದ ಹಾದು ಇತ್ತ ಬರಬೇಕು. ಬರುವಷ್ಟರಲ್ಲಿ ರಭಸ ತಗ್ಗಿರುತ್ತದೆ. ಅಲ್ಲಿ ಸಾರು ಮರಳುವುದಿಲ್ಲ, ಆರುವುದೂ ಇಲ್ಲ.

ಹಬ್ಬದ ಅಡುಗೆಯ ಸರದಿಯೆಲ್ಲ ಈ ಒಲೆಯನ್ನು ನಂಬಿಯೇ ಬೆಳೆದದ್ದು ಎಂದು ನನಗೆ ಅನ್ನಿಸುತ್ತದೆ. ಬೇಳೆ ಬೆಂದ ಮೇಲೆ ಕಟ್ಟು ಬಸಿದು ಸಾರಿಗೆ, ಬೇಳೆ ಹೂರಣಕ್ಕೆ. ಸಾರು ಕುದಿದದ್ದೇ ಕೋಡೊಲೆಗೆ ಜರುಗುತ್ತಿತ್ತು, ದೊಡ್ಡ ಒಲೆಗೆ ಕಾವಲಿ ಬರುತ್ತಿತ್ತು. ಇಡೀ ಮನೆಗೆ ಒಬ್ಬಟ್ಟು ಬೇಯಿಸಲು ಎರಡು ಗಂಟೆ ಹದವಾದ ಉರಿ ಬೇಕು. ಅದರಲ್ಲಿ ಮಿಕ್ಕ ಉರಿಯೇ ಅಷ್ಟು ಹೊತ್ತೂ ಸಾರನ್ನು ಕಾಯುತ್ತಿತ್ತು. ಪಲ್ಯದ ಪಾತ್ರೆಗೆ ಒಲೆಯ ಮುಂದೆ ಎಳೆದ ಬಿಸಿ ಬೂದಿ ಸಾಕು. ಕೋಸಂಬರಿಗೆ ಇದ್ಯಾವುದೂ ಬೇಡ.

ಪಾತ್ರೆಗೂ ಲೆಕ್ಕವಿತ್ತು. ಹುಣಸೆಹುಳಿ ಬಿದ್ದ ಸಾರು ಹಿತ್ತಾಳೆಯಲ್ಲಿ ಗಂಟೆಗಟ್ಟಲೆ ನಿಂತರೆ ಕಿಲುಬು ಬಿಡುತ್ತದೆ. ಅದಕ್ಕೇ ಹಬ್ಬಕ್ಕೆ ಮುಂಚೆ ಕಲಾಯಿ ಹಾಕಿಸುವುದು. ಗೊಜ್ಜು ಬಳಪದ ಕಲ್ಲಿನ ಮರಿಗೆಯಲ್ಲಿ. ಆ ಕಲ್ಲು ಕಾಯುವುದು ತಡ, ಆರುವುದು ಇನ್ನೂ ತಡ.

ಅಜ್ಜಿಯ ಕಣ್ಣು ಹೊಗೆಗೆ ಸದಾ ಕೆಂಪಗಿರುತ್ತಿತ್ತು. ಅದನ್ನು ಮರೆತು ಈ ಒಲೆಯನ್ನು ಹೊಗಳಲು ನನಗೆ ಮನಸ್ಸಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರದವರು ಮುಂದೆ ರೂಪಿಸಿದ ಒಲೆಯಲ್ಲಿ ಹೊಗೆ ಕೊಳವೆಯಿತ್ತು, ಒಂದೇ ಉರಿಗೆ ಸಾಲಾಗಿ ಮೂರು ಪಾತ್ರೆ ಕೂರುತ್ತಿದ್ದವು. ಹೊಗೆ ಹೋಗಲಿ, ಮಿಕ್ಕ ಉರಿ ಉಳಿಯಲಿ ಎಂಬ ಆ ಯೋಚನೆಯ ಮೇಲೆ ನನಗೆ ಬಹಳ ಗೌರವ. ನಮ್ಮ ಮನೆಗೆ ಆ ಒಲೆ ಬರಲೇ ಇಲ್ಲ.

ಬಂದದ್ದು ಗ್ಯಾಸ್, ಎರಡು ಬರ್ನರ್. ಒಂದರಲ್ಲಿ ಕಾವಲಿ, ಇನ್ನೊಂದರಲ್ಲಿ ಅನ್ನ. ಮಣ್ಣಿನ ಒಲೆ ಕೆಡವಿದ ಮೇಲಿನ ಮೊದಲ ಯುಗಾದಿ, ಅಜ್ಜಿ ಸಾರಿನ ಪಾತ್ರೆಯನ್ನು ಮಸಿಬಟ್ಟೆಯಲ್ಲಿ ಹಿಡಿದು ನಿಂತುಬಿಟ್ಟಳು. ಆಮೇಲೆ ಅಮ್ಮನ ಕಡೆ ತಿರುಗಿ ಕೇಳಿದಳು: “ಇದ್ನ ಎಲ್ಲಿಡ್ಲವ್ವ?”