ಪೆಟ್ಟಿಗೆಯ ಸ್ವರ, ಅಜ್ಜಿಯ ಪದ

ಹೆಗ್ಗಡದೇವನಕೋಟೆ ತಾಲ್ಲೂಕಿನ ನಮ್ಮ ಹಂಪಾಪುರದ ಕಡೆ ಪೌರಾಣಿಕ ನಾಟಕದ ಅಭ್ಯಾಸ ಆರಂಭವಾದರೆ, ರಾತ್ರಿ ಮೊದಲು ಕಿವಿಗೆ ಬೀಳುವುದು ಹಾರ್ಮೋನಿಯಂ ಮೇಷ್ಟರ ಪೆಟ್ಟಿಗೆಯ ದನಿ. ಆ ಪೆಟ್ಟಿಗೆಯ ಮಗ್ಗುಲಿಗೆ ಈಗ ಕೀಬೋರ್ಡೂ ಬಂದು ಕುಳಿತಿದೆ.

ಮೊನ್ನೆ ಶಾಲೆ ಬಿಟ್ಟ ಮೇಲೆ ಶಿಷ್ಯನೊಬ್ಬ ಬಂದ. “ಸಾರ್, ನಮ್ಮಜ್ಜಿ ಸೋಬಾನೆ ಪದ ಹೇಳ್ತಾರಲ್ಲ, ಅದನ್ನ ಮನೇಲೇ ರೆಕಾರ್ಡ್ ಮಾಡ್ಬೇಕು ಅಂತ ಇದ್ದೀನಿ. ಜೊತೇಲಿ ನುಡಿಸೋಕೆ ಒಂದು ಚಿಕ್ಕ ಕೀಬೋರ್ಡು ಬೇಕು. ಕೊಳಲು, ವೀಣೆ ಎಲ್ಲಾ ನಿಜವಾದದ್ದರ ಹಾಗೇ ಕೇಳಿಸ್ಬೇಕು. ಯಾವುದು ತಗೊಳ್ಳಲಿ?” ಎಂದ. ಕನ್ನಡ ಪಂಡಿತನಾದ ನನಗೆ ಅಂಗಡಿಯ ಮಾಲಿನ ವಿಚಾರ ಹೆಚ್ಚು ತಿಳಿಯದು. ಆದರೆ ಈ ಪ್ರಶ್ನೆಯ ಚರಿತ್ರೆಯನ್ನು ಅಷ್ಟಿಷ್ಟು ಬಲ್ಲೆ. ಅವನಿಗೆ ಹೇಳಿದುದನ್ನೇ ನಿಮ್ಮ ಮುಂದೆಯೂ ಇಡುತ್ತೇನೆ.

ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. 1840ರ ದಶಕದ ಆದಿಯಲ್ಲಿ ಅಲೆಕ್ಸಾಂಡರ್ ಡೆಬೇನ್ ಎಂಬಾತ ಅದಕ್ಕೆ ಹಕ್ಕುಪತ್ರ ಪಡೆದ. ತಿದಿಯ ಗಾಳಿಗೆ ಲೋಹದ ಪುಟ್ಟ ನಾಲಗೆಗಳು ಅದುರಿ ನಾದ ಕೊಡುವುದೇ ಅದರ ಮರ್ಮ. ಕಾಲಿನಿಂದ ತಿದಿಯೊತ್ತಬೇಕಾಗಿದ್ದ ಈ ವಾದ್ಯವನ್ನು ನೆಲದ ಮೇಲೆ ಕುಳಿತು ಕೈಯಿಂದ ನುಡಿಸುವಂತೆ 1875ರ ಸುಮಾರಿನಲ್ಲಿ ಮಾರ್ಪಡಿಸಿದ ಕೀರ್ತಿ ಕಲ್ಕತ್ತೆಯ ದ್ವಾರಕಾನಾಥ ಘೋಷರದು. ಆ ಮೇಲೆ ಅದು ದೇಶವನ್ನೆಲ್ಲ ಸುತ್ತಿತು. ಕಂಪನಿ ನಾಟಕಗಳಿಗಂತೂ ಅದೇ ಜೀವಾಳವಾಯಿತು. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಕಾಲು ಹಾರ್ಮೋನಿಯಮ್ಮಿನ ದನಿ ಕೊನೆಯ ಸಾಲಿನವರೆಗೆ ಮುಟ್ಟುತ್ತಿತ್ತು. ನಟನಿಗೆ ಶ್ರುತಿ ತಪ್ಪುವ ಭಯವಿರಲಿಲ್ಲ.

ಇಷ್ಟು ಉಪಕಾರ ಮಾಡಿದ ವಾದ್ಯವನ್ನು ಬಾನುಲಿಯೇ ಒಮ್ಮೆ ಹೊರಗಿಟ್ಟಿತ್ತೆಂದರೆ ನಿಮಗೆ ಆಶ್ಚರ್ಯವಾದೀತು. ದೆಹಲಿಯ ನಿಲಯದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಆಂಗ್ಲ ಸಂಗೀತಗಾರರು 1938ರಲ್ಲಿ ಹಾರ್ಮೋನಿಯಮ್ಮನ್ನು ಖಂಡಿಸಿ ಬರೆದರು. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ಅದನ್ನು ನಿಷೇಧಿಸಿತು. ರವೀಂದ್ರನಾಥ ಠಾಕೂರರೂ ಆ ವರ್ಷ ಕಲ್ಕತ್ತೆಯ ನಿಲಯಕ್ಕೆ ಬರೆದ ಪತ್ರದಲ್ಲಿ ಅದು ಬೇಡವೆಂಬ ಪಕ್ಷವನ್ನೇ ಹಿಡಿದಿದ್ದರು. ಸುಮಾರು ಮೂವತ್ತು ವರ್ಷಗಳ ಅನಂತರ, 1970ರ ದಶಕದ ಆದಿಯಲ್ಲಿ, ಪಕ್ಕವಾದ್ಯವಾಗಿ ಅದಕ್ಕೆ ಮತ್ತೆ ಬಾಗಿಲು ತೆರೆಯಿತು.

ಅದರ ಮೇಲಿದ್ದ ಆಪಾದನೆಗಳೇನು? ಮೊದಲನೆಯದು, ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಜಾರಲಾರದು; ಗಮಕ ಅದಕ್ಕೆ ಒಲಿಯದು. ಎರಡನೆಯದು, ಅದರ ಹನ್ನೆರಡು ಮನೆಗಳನ್ನು ಸಮ ಅಂತರದಲ್ಲಿ ಕೂಡಿಸಿದೆ. ಒಂದು ಸ್ಥಾಯಿಯನ್ನು 1200 ಸೆಂಟು ಎಂದೆಣಿಸಿದರೆ, ಈ ಕ್ರಮದಲ್ಲಿ ಅಂತರ ಗಾಂಧಾರ ಷಡ್ಜದಿಂದ 400ಕ್ಕೆ ನಿಲ್ಲುತ್ತದೆ. ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರವಾದರೋ 386ರ ಬಳಿಯಿದೆ. ಹದಿನಾಲ್ಕು ಸೆಂಟು ಅಲ್ಪವೆಂದು ತೋರಬಹುದು. ಪಳಗಿದ ಕಿವಿಗೆ ಅದು ಅಲ್ಪವಲ್ಲ.

ಇನ್ನು ಕೀಬೋರ್ಡಿನ ಮಾತು. ಜಪಾನಿನ ಕ್ಯಾಸಿಯೋ ಸಂಸ್ಥೆ 1980ರಲ್ಲಿ ವಿದ್ಯುನ್ಮಾನ ವಾದ್ಯಗಳನ್ನು ಮಾರುಕಟ್ಟೆಗೆ ತಂದಿತು. ವಾದ್ಯ ವಾದ್ಯಗಳ ನಡುವೆ, ವಾದ್ಯಕ್ಕೂ ಗಣಕಯಂತ್ರಕ್ಕೂ ನಡುವೆ ಸಂಕೇತ ಸಾಗಿಸುವ ಮಿಡಿ ಎಂಬ ಒಪ್ಪಂದ 1983ರಲ್ಲಿ ಬಂದಿತು. 1986ರ ಹೊತ್ತಿಗೆ ಬಂದ ಎಸ್‌ಕೆ-1 ಎಂಬ ಪುಟ್ಟ ವಾದ್ಯಕ್ಕೆ 32 ಮನೆಗಳು; ಹೊರಗಿನ ದನಿಯನ್ನು ಒಂದೂವರೆ ಸೆಕೆಂಡಿಗೂ ಕಡಮೆ ಹೊತ್ತು ಹಿಡಿದಿಟ್ಟು, ಅದನ್ನೇ ಬೇರೆ ಬೇರೆ ಸ್ವರಗಳಲ್ಲಿ ನುಡಿಸುತ್ತಿತ್ತು. ಇಂದಿನ ಕೀಬೋರ್ಡಿನ ಕೊಳಲು, ಪಿಟೀಲುಗಳಲ್ಲಿ ಬಹುಪಾಲು ಅದೇ ಉಪಾಯದ ವಿಸ್ತಾರ. ನಿಜವಾದ ವಾದ್ಯವನ್ನು ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ನುಡಿಸಿ, ಮುದ್ರಿಸಿ, ಒಳಗೆ ಕೂಡಿಟ್ಟಿರುತ್ತಾರೆ.

ಆದುದರಿಂದ ಅಂಗಡಿಗೆ ಹೋದಾಗ ‘ಐನೂರು ವಾದ್ಯಗಳಿವೆ, ಆರುನೂರು ವಾದ್ಯಗಳಿವೆ’ ಎಂಬ ಮಾತಿಗೆ ಮರುಳಾಗಬೇಡಿ. 1940ರಲ್ಲಿ ಹಾರ್ಮೋನಿಯಮ್ಮಿಗೆ ಹಾಕಿದ ಪ್ರಶ್ನೆಗಳನ್ನೇ ಇದಕ್ಕೂ ಹಾಕಿ. ಸ್ವರ ಜಾರುತ್ತದೆಯೆ? ಎಡಗಡೆ ಸ್ವರ ಬಾಗಿಸುವ ಚಕ್ರವಿದ್ದರೆ ಜಾರುತ್ತದೆ. ಚೆನ್ನೈನ ಕೆ. ಸತ್ಯನಾರಾಯಣನ್ ಅವರು ಕೀಬೋರ್ಡಿನಲ್ಲೇ ಕರ್ನಾಟಕ ಸಂಗೀತದ ಕಚೇರಿ ನಡೆಸುತ್ತ ಬಂದಿದ್ದಾರೆ. ಒಂದೊಂದು ಸ್ವರವನ್ನೂ ಬೇರೆಯಾಗಿ ಏರಿಸಿ ಇಳಿಸಲು ಬರುತ್ತದೆಯೆ? ಕೆಲವು ಮಾದರಿಗಳಲ್ಲಿ ಬರುತ್ತದೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಬಲವಾಗಿ ಒತ್ತಿದರೆ ಬಲವಾಗಿ ನುಡಿಯುತ್ತದೆಯೆ? ಕೊಳಲಿನ ದನಿಯಲ್ಲಿ ಒಂದೇ ಮನೆಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಕೇಳಿ. ಉಸಿರು ಜೀವಂತವಾಗಿದೆಯೋ, ಗಾಣದೆತ್ತಿನಂತೆ ಸುತ್ತಿದಲ್ಲೇ ಸುತ್ತುತ್ತಿದೆಯೋ ತಿಳಿಯುತ್ತದೆ. ತಂತಿಯ ಮೂಲಕ ಗಣಕಯಂತ್ರಕ್ಕೆ ನೇರವಾಗಿ ಸೇರಿಸುವ ಸೌಕರ್ಯವಿದ್ದರೆ ಕೋಣೆಯ ಗದ್ದಲ ಮುದ್ರಣದಲ್ಲಿ ಸೇರದು. ಒಂದೇ ಕೈಯಿಂದ ರಾಗ ನುಡಿಸುವವರಿಗೆ ಮೂರು ಸ್ಥಾಯಿಯ ಚಿಕ್ಕ ಮಣೆಯೂ ಸಾಕು.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದನ್ನು ಶಿಷ್ಯನಿಗೆ ಹೇಳಿದೆ. “ನಿಮ್ಮಜ್ಜಿ ಯಾವ ಪೆಟ್ಟಿಗೆಯನ್ನೂ ಮುಂದಿಟ್ಟುಕೊಂಡು ಪದ ಕಲಿತವರಲ್ಲ. ನೀನು ಜೊತೆಯಲ್ಲಿ ಕುಳಿತು ನುಡಿಸಿದರೆ, ‘ಮೊಮ್ಮಗನ ಯಂತ್ರವೇ ಸರಿ, ನಾನೇ ತಪ್ಪು’ ಎಂದು ಆ ಮುದುಕಿ ತನ್ನ ಸ್ವರವನ್ನು ತಿದ್ದಿಕೊಂಡಾರು. ಆಗ ನೀನು ಉಳಿಸಿದ್ದು ಯಾರ ಪದ? ಮೊದಲು ಅವರೊಬ್ಬರೇ ಹೇಳಲಿ. ಅದನ್ನು ಹಾಗೆಯೇ ತೆಗೆದಿಡು. ಆಮೇಲೆ ಅದನ್ನು ಕೇಳುತ್ತ, ಅವರ ಸ್ವರ ನಿಂತಲ್ಲಿಗೆ ನಿನ್ನ ಕೀಬೋರ್ಡನ್ನು ಕರೆದುಕೊಂಡು ಹೋಗು.”

ಹುಡುಗ ತಲೆದೂಗಿ ಹೋದ. ಕೀಬೋರ್ಡು ಇನ್ನೂ ಬಂದಿಲ್ಲ, ದುಡ್ಡು ಕೂಡಬೇಕಂತೆ. ಅಜ್ಜಿಯ ಹನ್ನೊಂದು ಪದಗಳು ಮಾತ್ರ ಆಗಲೇ ಮುದ್ರಣವಾಗಿವೆ. ನಡುನಡುವೆ ಕೋಳಿ ಕೂಗಿದ್ದೂ ಸೇರಿದೆ. ಇರಲಿ, ಅದರಿಂದ ಶ್ರುತಿಗೇನೂ ಭಂಗವಿಲ್ಲ.