ಪರದೆಯ ಮೇಲಿನ ಕಡತ

ತಮಗೆ ಓದಲು ಬಾರದ ಭಾಷೆಯಲ್ಲಿ ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು ಕಲಬುರಗಿ ಸೀಮೆಯ ಜನರಿಗೆ ಹೊಸದಲ್ಲ. 9ನೇ ಶತಮಾನದಲ್ಲಿ ‘ಕವಿರಾಜಮಾರ್ಗ’ಕ್ಕೆ ಆಶ್ರಯ ನೀಡಿದ ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇದೇ ಜಿಲ್ಲೆಯಲ್ಲಿದೆ. ಆದರೆ 1347ರಲ್ಲಿ ಬಹಮನಿ ಸುಲ್ತಾನರು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಮೇಲೆ ದರ್ಬಾರಿನ ಭಾಷೆ ಪರ್ಷಿಯನ್ ಆಯಿತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿಯೂ ಅದೇ ಮುಂದುವರಿದು, 19ನೇ ಶತಮಾನದ ಕೊನೆಯ ಭಾಗದಲ್ಲಿ ಆ ಜಾಗಕ್ಕೆ ಉರ್ದು ಬಂತು. ಕಮಲಾಪುರದ ಬಾಳೆ ತೋಟದ ರೈತ ಮನೆಯಲ್ಲಿ, ಸಂತೆಯಲ್ಲಿ, ಗುಡಿಯಲ್ಲಿ ಆಡುತ್ತಿದ್ದುದು ಕನ್ನಡ. ಜಮೀನಿನ ತಕರಾರು ಹಿಡಿದು ಕಲಬುರಗಿಯ ಕಚೇರಿಯ ಮೆಟ್ಟಿಲು ಹತ್ತಿದಾಗ ಮಾತ್ರ ಅವನ ಭಾಷೆ ಹೊರಗೇ ಉಳಿಯುತ್ತಿತ್ತು. ಅರ್ಜಿ ಬರೆದುಕೊಡುವವನಿಗೆ ಕಾಸು ಕೊಡಬೇಕು, ಅವನು ಏನು ಬರೆದನೆಂದು ನಂಬಬೇಕು.

1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1963ರ ರಾಜ್ಯಭಾಷಾ ಕಾಯ್ದೆಯಿಂದ ಕನ್ನಡ ಆಡಳಿತ ಭಾಷೆಯೆನಿಸಿತು. ಇನ್ನೇನು ಕಾಗದಕ್ಕೂ ಜನರಿಗೂ ನಡುವಿನ ಗೋಡೆ ಬಿತ್ತು ಎನ್ನುವಷ್ಟರಲ್ಲಿ ಕಂಪ್ಯೂಟರ್ ಬಂತು. ಅದು ಮಾತನಾಡುತ್ತಿದ್ದುದು ಇಂಗ್ಲಿಷ್. ಹಳೆಯ ಅರ್ಜಿ ಬರೆಯುವವನ ಜಾಗದಲ್ಲಿ ಡಿಟಿಪಿ ಅಂಗಡಿಯವನು ಕುಳಿತ. ಕಮಲಾಪುರವು 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಒಂದಾಗಿ ತನ್ನದೇ ಕಚೇರಿ ಪಡೆಯಿತು ನಿಜ. ಆದರೆ ಕಚೇರಿ ಹತ್ತಿರ ಬಂದ ಮಾತ್ರಕ್ಕೆ ಯಂತ್ರ ಹತ್ತಿರ ಬರುವುದಿಲ್ಲ.

ಯಂತ್ರವನ್ನು ಜನರ ಕೈಗೆ ಕೊಡುವ ಭರವಸೆ ಹೊತ್ತು ಬಂದದ್ದು ಮುಕ್ತ ತಂತ್ರಾಂಶ. ತಂತ್ರಾಂಶ ಬರೆದ ಮೂಲ ಸಾಲುಗಳನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬುದು ಇದರ ತಿರುಳು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್‌ನ ತಿರುಳನ್ನು ಬರೆದು ಹಂಚಿದರು. ಬರೆದವರೂ ಬಳಸುವವರೂ ಒಂದೇ ಜಾತಿಯ ಜನ, ಪ್ರೋಗ್ರಾಮರುಗಳು. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಟೈಪಿಸುವುದು ಅವರಿಗೆ ಕಷ್ಟವೆನಿಸಲಿಲ್ಲ. ಹೊರಗಿನವರಿಗೆ ಅದು ನಿಜಾಮರ ಕಾಲದ ದಫ್ತರವೇ.

ಈ ಕೊರತೆಯನ್ನು ಒಳಗಿನವರೇ ಒಪ್ಪಿಕೊಂಡ ಪ್ರಸಂಗ ಸ್ವಾರಸ್ಯಕರವಾಗಿದೆ. ಮುಕ್ತ ತಂತ್ರಾಂಶದ ದೊಡ್ಡ ಪ್ರಚಾರಕರಲ್ಲಿ ಒಬ್ಬರಾದ ಎರಿಕ್ ರೇಮಂಡ್ 2004ರಲ್ಲಿ ತಮ್ಮ ಮನೆಯ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದ್ದ ಪ್ರಿಂಟರಿನಿಂದ ಮುದ್ರಣ ತೆಗೆಯಲು ಹೊರಟು ಸೋತು ಸುಣ್ಣವಾದರು. ಸಿಟ್ಟಿನಿಂದ ಒಂದು ಲೇಖನವನ್ನೇ ಬರೆದರು. ತಮ್ಮಂಥ ಪಳಗಿದವರಿಗೇ ಹೀಗಾದರೆ ಏನೂ ಅರಿಯದ ‘ಟಿಲ್ಲಿ ಅತ್ತೆ’ಯ ಗತಿಯೇನು ಎಂಬುದು ಅವರ ಪ್ರಶ್ನೆಯಾಗಿತ್ತು. ಟಿಲ್ಲಿ ಅತ್ತೆ ಎಂಬುದು ಕಲ್ಪಿತ ಹೆಸರು. ಆಕೆಗೆ ಇಂಗ್ಲಿಷಾದರೂ ಬರುತ್ತಿತ್ತು, ಕಮಲಾಪುರದ ಅತ್ತಿಗೆ ಅದೂ ಇಲ್ಲ!

ಪ್ರಯತ್ನಗಳು ಅಷ್ಟರಲ್ಲೇ ಶುರುವಾಗಿದ್ದವು. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಎಂಬ ಯೋಜನೆಗಳು ಆರಂಭವಾಗಿ ಲಿನಕ್ಸಿಗೆ ಚಿತ್ರಗಳ, ಗುಂಡಿಗಳ ಮುಖ ಕೊಟ್ಟವು. 2004ರಲ್ಲಿ ಬಂದ ಉಬುಂಟು, ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆಯಾಗಿ ಸಿ.ಡಿ. ಕಳಿಸುತ್ತಿತ್ತು, ಆ ಸೇವೆ 2011ರಲ್ಲಿ ನಿಂತಿತು.

ಕನ್ನಡಿಗನಿಗೆ ಇಷ್ಟು ಸಾಲದು. ಅವನಿಗೆ ಪರದೆಯ ಮೇಲೆ ಕನ್ನಡ ಕಾಣಬೇಕು, ಕೀಲಿಮಣೆಯಿಂದ ಮೂಡಬೇಕು, ಕಂಡದ್ದು ಅರ್ಥವೂ ಆಗಬೇಕು. ಮೂಡಿಸುವ ಕೆಲಸಕ್ಕೆ ಮೊದಲು ದಾರಿ ತೋರಿದವರು ಕೆ.ಪಿ. ರಾವ್. ಇಂಗ್ಲಿಷ್ ಕೀಲಿಮಣೆಯಲ್ಲೇ ಉಚ್ಚಾರಣೆಗೆ ಹೊಂದುವಂತೆ ಕನ್ನಡ ಅಕ್ಷರಗಳನ್ನು ಅವರು ಜೋಡಿಸಿದರು. ‘ಕೆ’ ಒತ್ತಿದರೆ ಕ, ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’. ‘ಸ್ತ್ರೀ’ ಎಂಬುದಕ್ಕೆ ಆರು ಒತ್ತು ಸಾಕು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ತಾವು ಸಿದ್ಧಪಡಿಸಿದ ತಂತ್ರಾಂಶವನ್ನು ಅವರು ಹಣ ಕೇಳದೆ ಹಂಚಿದರು. ಈ ವಿನ್ಯಾಸವನ್ನೇ ಮುಂದೆ ರಾಜ್ಯ ಸರ್ಕಾರ ಶಿಷ್ಟವೆಂದು ಒಪ್ಪಿಕೊಂಡಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ಕನ್ನಡವನ್ನು ಸಾಮಾನ್ಯರ ಕಂಪ್ಯೂಟರಿಗೆ ತಂದ ಹೆಗ್ಗಳಿಕೆ ಇವೆರಡಕ್ಕೂ ಸಲ್ಲಬೇಕು.

ಆದರೆ ಪುಕ್ಕಟೆ ಬೇರೆ, ಮುಕ್ತ ಬೇರೆ. ಇವೆರಡೂ ವಿಂಡೋಸ್‌ಗೆಂದು ಮಾಡಿದ್ದವು, ಮೂಲ ಸಾಲುಗಳನ್ನು ತಿದ್ದಿ ಲಿನಕ್ಸಿಗೆ ಒಗ್ಗಿಸುವ ಅವಕಾಶ ಹೊರಗಿನವರಿಗೆ ಇರಲಿಲ್ಲ. ಪುಕ್ಕಟೆಯಾಗಿದ್ದ ‘ಬರಹ’ಕ್ಕೆ ಮುಂದೆ ಬೆಲೆಯೂ ಬಂತು. ಇನ್ನೊಂದು ತೊಡಕು ಡಿಟಿಪಿ ಅಂಗಡಿಗಳಿಗೆ ಚೆನ್ನಾಗಿ ಗೊತ್ತು. ಆ ಕಾಲದ ಫಾಂಟುಗಳು ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಅಡಗಿಸಿಡುತ್ತಿದ್ದವು. ಅದೇ ಫಾಂಟ್ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಜಿಯ ಬದಲು ಚುಕ್ಕೆ, ಗೆರೆ, ವಿಚಿತ್ರ ಚಿಹ್ನೆಗಳ ರಾಶಿ ಕಾಣುತ್ತಿತ್ತು.

ಇದಕ್ಕೆ ಉತ್ತರ 1991ರ ಯುನಿಕೋಡ್. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಕನ್ನಡಕ್ಕೆ 128 ಮನೆಗಳು. ‘ಕ’ದ ಸಂಖ್ಯೆ 3221, ಕಲಬುರಗಿಯಲ್ಲೂ ಅಷ್ಟೇ, ಕ್ಯಾಲಿಫೋರ್ನಿಯಾದಲ್ಲೂ ಅಷ್ಟೇ. ಆದರೆ ಸಂಖ್ಯೆ ಕೊಟ್ಟರೆ ಅಕ್ಷರ ಮೂಡುವುದಿಲ್ಲ. ‘ಸ್ತ್ರೀ’ಯ ಆರು ಸಂಖ್ಯೆಗಳನ್ನು ಓದಿ, ಸಕಾರದ ಕೆಳಗೆ ತಕಾರದ ಒತ್ತು, ಪಕ್ಕದಲ್ಲಿ ರಕಾರದ ಒತ್ತು, ಮೇಲೆ ದೀರ್ಘ ಇಷ್ಟನ್ನೂ ಜೋಡಿಸಿ ಬರೆಯುವ ಜಾಣತನ ಯಂತ್ರಕ್ಕೆ ಬೇಕು. ಅರ್ಕಾವತ್ತು ಇನ್ನೂ ತುಂಟ. ‘ಸೂರ್ಯ’ದಲ್ಲಿ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಹೋಗಬೇಕು, ‘ರ‍್ಯಾಂಕ್’ನಲ್ಲಿ ಹೋಗಬಾರದು. ಉಚ್ಚಾರದ ಕ್ರಮ ಒಂದೇ, ಬರೆಯುವ ಬಗೆ ಎರಡು. ಇದನ್ನು ಇಂಗ್ಲಿಷ್ ಪ್ರೋಗ್ರಾಮರಿಗೆ ಹೇಳಿಕೊಡಬೇಕಾದವರು ಕನ್ನಡಿಗರೇ. ಮುಕ್ತ ತಂತ್ರಾಂಶದಲ್ಲಿ ಹೇಳಿಕೊಡಲು ಬಾಗಿಲು ತೆರೆದಿತ್ತು. ಅಕ್ಷರ ಜೋಡಿಸುವ ಪ್ಯಾಂಗೋ, ಹಾರ್ಫ್‌ಬಜ್ ಎಂಬ ತಂತ್ರಾಂಶಗಳು ಕ್ರಮೇಣ ಕನ್ನಡವನ್ನು ಕಲಿತವು. ರೆಡ್ ಹ್ಯಾಟ್ ಕಂಪನಿ ಲೋಹಿತ್ ಫಾಂಟುಗಳನ್ನು ಬಿಟ್ಟುಕೊಟ್ಟಿತು, ಅದರಲ್ಲಿ ಕನ್ನಡವೂ ಇತ್ತು. ನಂತರ ಗುಬ್ಬಿ, ನವಿಲು ಎಂಬ ಚೆಂದದ ಹೆಸರಿನ ಮುಕ್ತ ಫಾಂಟುಗಳು ಬಂದವು. ಕೆ.ಪಿ. ರಾವ್ ವಿನ್ಯಾಸವೂ ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಸೇರಿಕೊಂಡಿತು.

ಉಳಿದದ್ದು ಅರ್ಥವಾಗುವ ಮಾತು. ಇಲ್ಲಿಯೇ ಜಟಿಲತೆ ಹೆಚ್ಚು, ಚರ್ಚೆ ಕಡಿಮೆ.

ಗ್ನೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳ ಆದೇಶಗಳನ್ನು ಸ್ವಯಂಸೇವಕರು ಹಾಗೂ ಕೆಲವು ಸಂಬಳದ ಅನುವಾದಕರು ಕನ್ನಡಕ್ಕೆ ತಂದರು. ‘ಫೈಲ್’ ಎಂಬಲ್ಲಿ ಅವರು ಇಟ್ಟ ಪದ ‘ಕಡತ’. ಈ ಪದಕ್ಕೆ ದೊಡ್ಡ ಚರಿತ್ರೆಯಿದೆ. ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕವೇ ಕಡತ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಸುಪರಿಚಿತ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಹಾಗೆ ನೋಡಿದರೆ ಕಂಪ್ಯೂಟರಿನ ಫೈಲಿಗೆ ಕಾಗದಕ್ಕಿಂತ ಈ ಬಟ್ಟೆಯೇ ಹತ್ತಿರದ ನೆಂಟ.

ಆದರೂ ಕಲಬುರಗಿಯ ಗುಮಾಸ್ತನೊಬ್ಬ ‘ಫೈಲ್ ತಗೊಂಡ್ ಬಾ’ ಎನ್ನುತ್ತಾನೆಯೇ ಹೊರತು ಮಾತಿನಲ್ಲಿ ಕಡತ ಎನ್ನುವುದು ಅಪರೂಪ. ಪಕ್ಕದಲ್ಲಿಯೇ ಇರುವ ಇನ್ನೊಂದು ಗುಂಡಿಯ ಕಥೆ ಬೇರೆ. ‘ಕ್ಯಾನ್ಸಲ್’ ಎಂಬಲ್ಲಿ ಅನುವಾದಕರು ‘ರದ್ದು ಮಾಡು’ ಎಂದು ಬರೆದರು. ರದ್ದು ಅರಬ್ಬಿಯಿಂದ ಪರ್ಷಿಯನ್, ಉರ್ದುಗಳ ದಾರಿಯಾಗಿ ಬಂದ ಪದ. ಅರ್ಜಿ, ದಾಖಲೆ, ಮಂಜೂರು, ವಜಾ, ಜಮಾ ಎಲ್ಲವೂ ಹೀಗೆಯೇ ಬಂದವು. ಯಾವ ಭಾಷೆ ಆರು ಶತಮಾನ ಜನರನ್ನು ಕಚೇರಿಯ ಹೊರಗೆ ನಿಲ್ಲಿಸಿತ್ತೋ ಅದೇ ಭಾಷೆಯ ಪದ ಇಂದು ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಬೇಗ ಅರ್ಥವಾಗುತ್ತದೆ. ಪದ ಸಂಸ್ಕೃತವೋ, ಅಚ್ಚಗನ್ನಡವೋ, ಉರ್ದುವೋ ಎಂಬ ಜಗಳಕ್ಕಿಂತ ಅದು ಯಾರ ಬಾಯಲ್ಲಿ ಬಳಕೆಯಲ್ಲಿದೆ ಎಂದು ನೋಡುವುದೇ ಮೇಲು. ಈ ದೃಷ್ಟಿಯಿಂದ ಪದಪಟ್ಟಿ ಮಾಡುವಾಗ ಬೆಂಗಳೂರು, ಮೈಸೂರುಗಳ ಕಿವಿಯಷ್ಟೇ ಸಾಲದು, ಹೈದರಾಬಾದ್ ಕರ್ನಾಟಕದ ಕಿವಿಯೂ ಬೇಕಿತ್ತು.

ಬಳಕೆಯೇ ಪದಕ್ಕೆ ಜೀವ ಎನ್ನಲು ಕಾಸರಗೋಡು ಕಡೆ ನೋಡಬಹುದು. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ‘ಐಟಿ ಅಟ್ ಸ್ಕೂಲ್’ ಯೋಜನೆ ಕೆಲವೇ ವರ್ಷಗಳಲ್ಲಿ ಶಾಲೆಗಳನ್ನು ಲಿನಕ್ಸಿಗೆ ತಂದಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಾಠಪುಸ್ತಕವೂ ಕನ್ನಡದಲ್ಲಿದೆ. ಕರ್ನಾಟಕದ ಹೊರಗಿರುವ ಕನ್ನಡ ಮಕ್ಕಳು ಮುಕ್ತ ತಂತ್ರಾಂಶವನ್ನು ತರಗತಿಯಲ್ಲೇ ಕಲಿತರು ಎಂಬುದು ಒಳಗಿರುವವರು ಯೋಚಿಸಬೇಕಾದ ಸಂಗತಿ.

ಅಂಧರ ವಿಷಯವನ್ನೂ ಇಲ್ಲಿ ಬಿಡುವಂತಿಲ್ಲ. 2006ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭವಾದ ಎನ್‌ವಿಡಿಎ ಎಂಬ ಮುಕ್ತ ತಂತ್ರಾಂಶ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಅದರೊಂದಿಗೆ ಬರುವ ಈಸ್ಪೀಕ್ ಎಂಬ ಮುಕ್ತ ಧ್ವನಿಗೆ ಕನ್ನಡ ಬರುತ್ತದೆ. ಧ್ವನಿ ಯಾಂತ್ರಿಕ, ಉಚ್ಚಾರ ಒರಟು. ಆದರೆ ಹಣ ತೆರಬೇಕಿಲ್ಲ, ಅರ್ಜಿ ಓದಿಸಲು ಇನ್ನೊಬ್ಬರನ್ನು ಕಾಯಬೇಕಿಲ್ಲ.

ಈಗ ಕಮಲಾಪುರದ ಸಂತೆಯಲ್ಲಿ ಕಾಣುವ ಬಹುಪಾಲು ಮೊಬೈಲುಗಳ ಒಳಗೆ ಆಂಡ್ರಾಯ್ಡ್ ಇದೆ, ಅದರ ಒಳಗೆ ಲಿನಕ್ಸ್ ಇದೆ. 2012ರ ಹೊತ್ತಿಗೆ ಆಂಡ್ರಾಯ್ಡ್‌ನಲ್ಲಿ ಕನ್ನಡ ಸರಿಯಾಗಿ ಮೂಡತೊಡಗಿತು. ಬಳಸುವವರಿಗೆ ಲಿನಕ್ಸ್ ಎಂಬ ಹೆಸರೂ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಮಾತನ್ನು ಕೇಳಿ ಬರೆದುಕೊಳ್ಳುವ ತಂತ್ರಾಂಶಗಳೂ ಬಂದಿವೆ. ಮದ್ರಾಸ್ ಐಐಟಿಯ ಎಐಫೋರ್‌ಭಾರತ್ ತಂಡ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಇಂಥ ಮುಕ್ತ ಮಾದರಿಗಳನ್ನು ಕೊಟ್ಟಿದೆ. ಆದರೆ ಪುಸ್ತಕದ ಕನ್ನಡ ಕಲಿತ ಯಂತ್ರಕ್ಕೆ ‘ಹೊಂಟೀನಿ’, ‘ಬರಾಕತ್ತಾನ’ ಎಂಬ ಮಾತೂ ತಿಳಿಯಬೇಕಾದರೆ ಹಾಗೆ ಮಾತನಾಡುವವರ ಧ್ವನಿ ಅದಕ್ಕೆ ಸಿಗಬೇಕು.

ಅನುವಾದದ ಕೆಲಸ ನಡೆಯುವುದು ಸರಳವಾದ ಕಡತಗಳಲ್ಲಿ. ಮೇಲಿನ ಸಾಲಿನಲ್ಲಿ ಇಂಗ್ಲಿಷ್, ಕೆಳಗಿನ ಸಾಲಿನಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಕನ್ನಡ. ‘ಕಡತ’ವೂ ‘ರದ್ದು ಮಾಡು’ವೂ ಇಂಥ ಸಾಲುಗಳಲ್ಲೇ ಕುಳಿತಿವೆ, ಒಪ್ಪದವರು ಬೇರೆ ಪದ ಸೂಚಿಸಬಹುದು. ಯಾರೂ ತುಂಬದ ಸಾಲುಗಳಲ್ಲಿ ಎರಡು ಚಿಹ್ನೆಗಳ ನಡುವೆ ಏನೂ ಇರುವುದಿಲ್ಲ. ಅಂಥ ಕಡೆ ತಂತ್ರಾಂಶ ಮೇಲಿನ ಸಾಲಿನ ಇಂಗ್ಲಿಷನ್ನೇ ಎತ್ತಿ ಪರದೆಗೆ ತರುತ್ತದೆ.