ಬೆರಳಿಗೆ ತಕ್ಕ ಕಂಪನ

ಕಲಬುರಗಿಯ ಮೋಮಿನಪುರದಂಥ ಬಡಾವಣೆಯಲ್ಲಿ ಎಟಿಎಂ, ಅಂಗಡಿಯ ಕಾರ್ಡ್ ಯಂತ್ರ, ಮೊಬೈಲುಗಳನ್ನು ಮುಟ್ಟುವ ಬೆರಳುಗಳೆಲ್ಲ ಒಂದೇ ಬಗೆಯವಲ್ಲ. ಸೂಜಿ ಹಿಡಿದವರ ಬೆರಳು ಬೇರೆ, ಮೂಟೆ ಹೊರುವವರದು ಬೇರೆ. ಶಹಾಬಾದ್ ಕಲ್ಲಿನ ಕೆಲಸದಲ್ಲಿ ಜಡ್ಡುಗಟ್ಟಿದ್ದು, ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದದ್ದು ಇನ್ನೂ ಬೇರೆ. ಟಚ್‌ಸ್ಕ್ರೀನ್ ಮಾತ್ರ ಎಲ್ಲರಿಗೂ ಒಂದೇ ಗಾಜು, ಒಂದೇ ಮೌನ. ಒತ್ತಿದ್ದು ತಾಕಿತೆಂದು ತಿಳಿಸಲು ಗಾಜಿನ ಕೆಳಗೆ ಪೀಜೋಎಲೆಕ್ಟ್ರಿಕ್ ಪಟ್ಟಿಗಳನ್ನು ಅಂಟಿಸಿ ಅದನ್ನೇ ಕಂಪಿಸುವಂತೆ ಮಾಡುವ ಪ್ರಯತ್ನ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಬೇರೆಬೇರೆ ರೂಪದಲ್ಲಿ ನಡೆದು ಬಂದಿದೆ. ಈ ಕ್ಷೇತ್ರದ ಚರಿತ್ರೆಯನ್ನು ಸಾಮಾನ್ಯವಾಗಿ ಕಂಪನ ಎಷ್ಟು ಜೋರಾಯಿತು, ಎಷ್ಟು ಚುರುಕಾಯಿತು ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಆ ಲೆಕ್ಕ ದಾರಿ ತಪ್ಪಿಸುತ್ತದೆ. ಬೆರಳಿಗೆ ತಕ್ಕಂತೆ ಕಂಪನವನ್ನು ಹೊಂದಿಸಬಹುದೇ ಎಂಬುದೇ ಮೊದಲಿನಿಂದಲೂ ಇಲ್ಲಿನ ನಿಜವಾದ ಪ್ರಶ್ನೆ.

ಒತ್ತಿದಾಗ ಕೆಲವು ಹರಳುಗಳಲ್ಲಿ ವಿದ್ಯುದಾವೇಶ ಹುಟ್ಟುತ್ತದೆ ಎಂಬ ಪೀಜೋಎಲೆಕ್ಟ್ರಿಕ್ ಗುಣವನ್ನು 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು ತೋರಿಸಿದರು. ವಿದ್ಯುತ್ ಕೊಟ್ಟರೆ ಅದೇ ಹರಳು ಹಿಗ್ಗಿ ಕುಗ್ಗುತ್ತದೆ ಎಂದು ಮರುವರ್ಷ ಭೌತವಿಜ್ಞಾನಿ ಲಿಪ್‌ಮನ್ ಗಣಿತದಿಂದ ಊಹಿಸಿದ್ದನ್ನು ಕ್ಯೂರಿಗಳೇ ಪ್ರಯೋಗದಿಂದ ದೃಢಪಡಿಸಿದರು. 1950ರ ದಶಕದಲ್ಲಿ ಸೀಸ, ಜಿರ್ಕೋನಿಯಂ, ಟೈಟಾನಿಯಂಗಳ ಆಕ್ಸೈಡುಗಳಿಂದಾದ ಪಿಜೆಡ್‌ಟಿ ಎಂಬ ಸೆರಾಮಿಕ್ ಬಂದ ಮೇಲೆ ಬೆರಳಿಗೆ ಗೊತ್ತಾಗುವಷ್ಟು ಚಲನೆ ಸಾಧ್ಯವಾಯಿತು. ಅದರ ಮೊದಲ ದೊಡ್ಡ ಫಲ ಆಪ್ಟಕಾನ್. ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಜಾನ್ ಲಿನ್ವಿಲ್ ತಮ್ಮ ಅಂಧ ಮಗಳಿಗಾಗಿ ಶುರುಮಾಡಿದ ಈ ಯಂತ್ರ 1971ರಲ್ಲಿ ಮಾರುಕಟ್ಟೆಗೆ ಬಂತು. ಒಂದು ಕೈಯಲ್ಲಿ ಪುಟ್ಟ ಕ್ಯಾಮೆರಾವನ್ನು ಅಚ್ಚಾದ ಸಾಲಿನ ಮೇಲೆ ಸರಿಸುತ್ತ ಹೋದರೆ, ಇನ್ನೊಂದು ಕೈಯ ತೋರುಬೆರಳಿನ ಕೆಳಗೆ 144 ಮೊಳೆಗಳು ಕಂಪಿಸಿ ಅಕ್ಷರದ ಆಕಾರವನ್ನೇ ಮೂಡಿಸುತ್ತಿದ್ದವು. ಅದರಲ್ಲಿ ಕಂಪನದ ತೀವ್ರತೆಯನ್ನು ಓದುವವರೇ ಹೆಚ್ಚು ಕಡಿಮೆ ಮಾಡಿಕೊಳ್ಳಲು ಒಂದು ತಿರುಪು ಇತ್ತು. ದಿನಕ್ಕೆ ಗಂಟೆಗಟ್ಟಲೆ ಓದುವವರಿಗೆ ಬೇಕಾದ್ದು ಗರಿಷ್ಠ ಕಂಪನವಲ್ಲ, ತಮಗೆ ಸರಿಹೊಂದುವ ಕಂಪನ ಎಂಬುದು ಆ ಕಾಲಕ್ಕೇ ಗೊತ್ತಿತ್ತು.

ಮೊಬೈಲು ಬಂದಾಗ ಈ ತಿಳಿವಳಿಕೆ ಹಿಂದೆ ಸರಿಯಿತು. ಓರೆ ತೂಕದ ಚಿಕ್ಕ ಮೋಟಾರು ಇಡೀ ಫೋನನ್ನು ಗುಂಯ್‌ಗುಡಿಸುತ್ತಿತ್ತು. ಅದು ವೇಗ ಹಿಡಿಯುವ ಹೊತ್ತಿಗೆ ಬೆರಳು ಮುಂದಿನ ಅಕ್ಷರಕ್ಕೆ ಹೋಗಿರುತ್ತಿತ್ತು. ಕೆಲವೇ ಮಿಲಿಸೆಕೆಂಡುಗಳಲ್ಲಿ ಪ್ರತಿಕ್ರಿಯಿಸುವ ಪೀಜೋ ಪದರವನ್ನು ಸೋನಿಯ ಸಂಶೋಧಕರು 2003ರ ಸುಮಾರಿಗೆ ಪುಟ್ಟ ಪರದೆಗಳಿಗೆ ಜೋಡಿಸಿ ತೋರಿಸಿದರು. 2009ರ ಬ್ಲ್ಯಾಕ್‌ಬೆರಿ ಸ್ಟಾರ್ಮ್ 2 ಪರದೆಯ ಕೆಳಗೆ ಪೀಜೋ ತುಣುಕುಗಳನ್ನಿಟ್ಟುಕೊಂಡು ಬಂದರೂ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಗೆದ್ದದ್ದು ಅಗ್ಗದ ವಿದ್ಯುತ್ಕಾಂತೀಯ ಕಂಪಕ. ಅಷ್ಟರಲ್ಲೇ ಇನ್ನೊಂದು ದಾರಿ ತೆರೆದುಕೊಂಡಿತ್ತು: ಗಾಜನ್ನು ಶ್ರವಣಾತೀತ ಆವರ್ತನದಲ್ಲಿ ಕಂಪಿಸಿದರೆ ನಡುಕ ಗೊತ್ತಾಗುವುದಿಲ್ಲ, ಆದರೆ ಸರಿಯುವ ಬೆರಳಿಗೆ ಗಾಜು ಜಾರತೊಡಗುತ್ತದೆ. ಜಪಾನಿನ ವತನಾಬೆ ಮತ್ತು ಫುಕುಯಿ 1995ರಲ್ಲಿ ಕಂಡ ಇದನ್ನು 2007ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ಮತ್ತು ಫ್ರಾನ್ಸಿನ ಲಿಲ್ ತಂಡಗಳು ಬೆಳೆಸಿದವು. ಒರಟು, ನುಣುಪು, ಅಂಚು ಇವೆಲ್ಲ ಹೊಂದಾಣಿಕೆಯ ಮಾತಾದವು.

ಕರ್ನಾಟಕದಲ್ಲಿ ಲಕ್ಷಾಂತರ ಬೆರಳುಗಳು ಒತ್ತುವ ಸಾರ್ವಜನಿಕ ಯಂತ್ರವೆಂದರೆ ಮತಯಂತ್ರ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಅದನ್ನು ತಯಾರಿಸುತ್ತವೆ. ಅದರಲ್ಲಿರುವುದು ಗಾಜಲ್ಲ, ತಗ್ಗುವ ಗುಂಡಿ. ಜೊತೆಗೆ ಕೆಂಪು ದೀಪ, ಉದ್ದನೆಯ ಬೀಪ್, ಬ್ರೈಲ್ ಅಂಕಿ. ಹಾಗಿದ್ದರೆ ಸದ್ದೇ ಸಾಕಲ್ಲ, ಕಂಪನದ ಗೊಡವೆ ಏಕೆ ಎಂದು ಕೇಳಬಹುದು. ಬೀಪ್ ಹೇಳುವುದು ಮತ ದಾಖಲಾಯಿತು ಎಂಬುದನ್ನಷ್ಟೇ; ಯಾವ ಗುಂಡಿ ಎಂಬುದನ್ನು ಹೇಳಬಾರದು ಕೂಡ. ಅದು ಬೆರಳಿಗಷ್ಟೇ ತಿಳಿಯಬೇಕಾದ ಗುಟ್ಟು. ಎಟಿಎಂ ಪಿನ್ನಿಗೂ ಇದೇ ನ್ಯಾಯ. 2014ರ ಜುಲೈನಿಂದ ಹೊಸ ಎಟಿಎಂಗಳೆಲ್ಲ ಮಾತನಾಡಬೇಕು, ಬ್ರೈಲ್ ಕೀಲಿಗಳಿರಬೇಕು ಎಂದು ರಿಸರ್ವ್ ಬ್ಯಾಂಕ್ ಸೂಚಿಸಿತು. ಆದರೆ ಪಿನ್ನನ್ನು ಗಾಜಿನ ಮೇಲೆಯೇ ಒತ್ತಿಸುವ ಕಾರ್ಡ್ ಯಂತ್ರಗಳು ಬಂದಾಗ ಆ ಅನುಕೂಲ ಕೈತಪ್ಪುತ್ತದೆ.

ಬೆಲೆಯ ಆಕ್ಷೇಪ ಸದ್ದೇ ಸಾಕೆಂಬ ಆಕ್ಷೇಪಕ್ಕಿಂತ ಗಟ್ಟಿಯಾದದ್ದು. ಎಂಟು ಚುಕ್ಕಿಯ ಬ್ರೈಲ್ ಕೋಶವೊಂದಕ್ಕೆ ಎಂಟು ಪೀಜೋ ಪಟ್ಟಿ, ಸುಮಾರು 200 ವೋಲ್ಟ್ ಬೇಕು. ಇಂಥ ಕೋಶಗಳ ಸಾಲೇ ಬ್ರೈಲ್ ಪರದೆಯನ್ನು ದುಬಾರಿ ಮಾಡಿದೆ. ದೆಹಲಿ ಐಐಟಿಯ ಡಾಟ್‌ಬುಕ್ ಅದಕ್ಕೇ ಪೀಜೋ ಬಿಟ್ಟು ಆಕಾರ ನೆನಪಿಡುವ ಮಿಶ್ರಲೋಹಕ್ಕೆ ಹೋಯಿತು. ಅಗ್ಗದ ಬ್ರೈಲ್ ಓದುಗಕ್ಕಾಗಿ ಬೆಂಗಳೂರಿನ ವಿಷನ್ ಎಂಪವರ್ ಮತ್ತು ಐಐಐಟಿ ಸೇರಿ ಹೆಕ್ಸಿಸ್ ರೂಪಿಸಿದವು. ಆದರೆ ಈ ಉದಾಹರಣೆಗಳು ಒಂದೊಂದು ಚುಕ್ಕಿಯನ್ನೂ ಬೇರೆಯಾಗಿ ಎತ್ತುವ ಯಂತ್ರಗಳವು. ಇಡೀ ಗಾಜನ್ನು ಕಂಪಿಸಲು ಅಂಚಿನಲ್ಲಿ ನಾಲ್ಕಾರು ಪಟ್ಟಿ ಸಾಕು. ಒತ್ತಿದಾಗ ಆವೇಶ ಕೊಡುವುದೂ ಅದೇ ಪಟ್ಟಿಯಾದ್ದರಿಂದ ಬೆರಳು ಎಷ್ಟು ಜೋರಾಗಿ ಬಿತ್ತೆಂಬುದನ್ನು ಅದೇ ಅಳೆಯಬಲ್ಲದು. ಒತ್ತಿಯೇ ಹಿಡಿದರೆ ಆವೇಶ ಸೋರಿಹೋಗುವುದರಿಂದ ಆ ಅಳತೆ ತಾಕಿದ ಕ್ಷಣಕ್ಕಷ್ಟೇ ನೆಚ್ಚುವಂಥದು; ಗುಂಡಿಯ ಕೆಲಸಕ್ಕೆ ಆ ಕ್ಷಣವೇ ಸಾಕು.

ಹಲವರು ಬಳಸುವ ಯಂತ್ರದಲ್ಲಿ ಯಾರ ಅಳತೆಗೆ ಹೊಂದಿಸುವುದು ಎಂಬುದು ಉಳಿದ ಪ್ರಶ್ನೆ. ನಮ್ಮ ಚರ್ಮ ಅತಿ ಚುರುಕಾಗಿ ಗ್ರಹಿಸುವುದು 250 ಹರ್ಟ್ಸ್ ಆಸುಪಾಸಿನ ಕಂಪನವನ್ನು. ಒಂದು ಮೈಕ್ರೋಮೀಟರಿಗಿಂತ ಕಡಿಮೆ ಅಲುಗಾಟವೂ ಅಲ್ಲಿ ಗೊತ್ತಾಗುತ್ತದೆ. ವಯಸ್ಸಾದಂತೆ ಈ ಚುರುಕು ತಗ್ಗುತ್ತದೆ, ಮಧುಮೇಹದ ನರದೋಷದಲ್ಲಿ ಇನ್ನೂ ಮಂಕಾಗುತ್ತದೆ. ವೈದ್ಯರು 128 ಹರ್ಟ್ಸ್‌ನ ಶ್ರುತಿಕವೆಯನ್ನು ಕಾಲ್ಬೆರಳಿಗೆ ಹಚ್ಚಿ ನೋಡುವುದು ಈ ಸಂವೇದನೆಯನ್ನೇ. ಸರಾಸರಿ ಬೆರಳಿಗೆಂದು ಒಂದೇ ಮಟ್ಟ ಕಟ್ಟಿದರೆ ಹೆಚ್ಚು ಅಗತ್ಯವಿದ್ದವರೇ ಹೊರಗುಳಿಯುತ್ತಾರೆ. ಕಲಬುರಗಿ ಬಸ್ಸಿನ ಕಂಡಕ್ಟರರ ಟಿಕೆಟ್ ಯಂತ್ರ ಟಚ್‌ಸ್ಕ್ರೀನಾದರೆ ಓಡುವ ಬಸ್ಸಿನ ನಡುಕವೇ ಚಿಕ್ಕ ಕಂಪನವನ್ನು ನುಂಗುತ್ತದೆ; ಅಲ್ಲಿ ಯಂತ್ರ ತನ್ನ ಸುತ್ತಲಿನ ಅಲುಗಾಟ ಅಳೆದು ಮಟ್ಟ ಏರಿಸಬೇಕು, ನಿಲ್ದಾಣದಲ್ಲಿ ಇಳಿಸಬೇಕು. ಎಟಿಎಂ ಆದರೆ ಮೊದಲ ಎರಡು ಒತ್ತುಗಳ ಬಲವನ್ನು ನೋಡಿ ಮೂರನೆಯದಕ್ಕೆ ತಿದ್ದಿಕೊಳ್ಳಬಹುದು. ಜೋರಾಗಿ, ಮತ್ತೆಮತ್ತೆ ಒತ್ತುವ ಬೆರಳು ಉತ್ತರ ತಲುಪಿಲ್ಲವೆಂದೇ ಹೇಳುತ್ತಿರುತ್ತದೆ. ಕಾರ್ಡಿನೊಂದಿಗೆ ಗ್ರಾಹಕರ ಆಯ್ಕೆಯನ್ನು ಉಳಿಸಿಡುವುದು ಇನ್ನೂ ಸರಳ. ಎಟಿಎಂ ಭಾಷೆಯ ಆಯ್ಕೆಯನ್ನು ಕೆಲವೆಡೆ ಹೀಗೇ ಉಳಿಸುವುದುಂಟು.

ಪಿಜೆಡ್‌ಟಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೆಂಬ ಆಕ್ಷೇಪಕ್ಕೆ ಮಾತ್ರ ಪೂರ್ಣ ಉತ್ತರವಿಲ್ಲ. ಬದಲಿ ಪೂರ್ತಿ ಸಿದ್ಧವಿಲ್ಲವೆಂದು ಸೀಸವನ್ನು ನಿರ್ಬಂಧಿಸುವ ಯುರೋಪಿನ ನಿಯಮವೂ ಪೀಜೋ ಸೆರಾಮಿಕ್ಕಿಗೆ ವಿನಾಯಿತಿ ಕೊಟ್ಟಿದೆ. ಪೊಟ್ಯಾಸಿಯಂ ಸೋಡಿಯಂ ನಯೋಬೇಟಿನಂಥ ಸೀಸರಹಿತ ಸೆರಾಮಿಕ್ಕುಗಳ ಚಲನೆ ಸಾಮಾನ್ಯವಾಗಿ ಕಡಿಮೆ. ಸರಿಯಾದ ಬದಲಿ ಸಿಗುವವರೆಗೆ ಮಾಡಬಹುದಾದ್ದು ಪಟ್ಟಿಯನ್ನು ತೆಳುವಾಗಿಸುವುದು, ಹಳೆಯ ಯಂತ್ರಗಳನ್ನು ಗುಜರಿಗೆ ಹೋಗಗೊಡದೆ ತಯಾರಕರೇ ವಾಪಸು ಪಡೆಯುವಂತೆ ಟೆಂಡರಿನಲ್ಲೇ ಬರೆಯುವುದು.